ಬಾವಲಿ ನೋಡಲು ಗುಹೆಗೆ ಹೋದರೆ ಅದು ಪರಿಸರ ಪ್ರವಾಸವೇ?

ಮಳೆಗಾಲ ಶುರುವಾದರೆ ಸಾಕು, ವಾರಾಂತ್ಯದಲ್ಲಿ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಕಡೆಗೆ ವಾಹನಗಳ ಸಾಲು. ಜಲಪಾತ ನೋಡಿ ಮುಗಿಸಿದವರಿಗೆ ಖಾನಾಪುರದ ಕಾಡಿನೊಳಗಿನ ಪ್ರಾಣಿಗಳನ್ನೂ ನೋಡುವ ಆಸೆ. ‘ನಾವೇನು ಬೇಟೆಗೆ ಹೋಗುತ್ತೇವಾ? ಬರೀ ನೋಡಿ ಬಂದರೆ ಏನು ತೊಂದರೆ?’ ಎಂದು ಹಲವರು ಕೇಳುತ್ತಾರೆ. ಇದಕ್ಕೆ ಉತ್ತರ ಹುಡುಕಲು ನಾವು ಭೀಮಗಡದ ಒಂದು ಸಣ್ಣ ಪ್ರಾಣಿಯನ್ನು ಆರಿಸಿಕೊಂಡಿದ್ದೇವೆ.

ಬಾರಾಪೇಡೆ ಗುಹೆಯಲ್ಲಿ ಏನಿದೆ?

ಖಾನಾಪುರ ತಾಲ್ಲೂಕಿನ ಸುಮಾರು 190 ಚದರ ಕಿ.ಮೀ. ಕಾಡನ್ನು 2011ರಲ್ಲಿ ಭೀಮಗಡ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಮಹದಾಯಿ ನದಿ ಹುಟ್ಟುವುದು ಈ ಭಾಗದಲ್ಲೇ. ಇಲ್ಲಿನ ಬಾರಾಪೇಡೆ ಗುಹೆಯಲ್ಲಿ ವ್ರಾಟನ್ ಬಾವಲಿ ವಾಸವಾಗಿದೆ. ಅಗಲವಾದ ಕಿವಿ, ರೆಕ್ಕೆಯ ಪೊರೆಯಿಂದ ಹೊರಚಾಚಿದ ಬಾಲ ಇದರ ಗುರುತು. 1913ರಲ್ಲಿ ಆಲ್ಡ್‌ಫೀಲ್ಡ್ ಥಾಮಸ್ ಇದನ್ನು ಹೊಸ ಜಾತಿ ಎಂದು ವಿವರಿಸಿದರು. ಅರಣ್ಯಾಧಿಕಾರಿಯಾಗಿದ್ದ ವ್ರಾಟನ್ ಅವರ ಹೆಸರನ್ನೇ ಇಟ್ಟರು. ಹಲವು ದಶಕಗಳ ಕಾಲ ಜಗತ್ತಿನಲ್ಲಿ ಈ ಬಾವಲಿ ಇರುವುದು ಇಲ್ಲಿ ಮಾತ್ರ ಎಂದೇ ತಿಳಿಯಲಾಗಿತ್ತು. ಆಮೇಲೆ ಕಾಂಬೋಡಿಯಾ ಮತ್ತು ಮೇಘಾಲಯದಲ್ಲೂ ಕಂಡುಬಂತು.

ಬಾವಲಿಗೆ ಕಣ್ಣು ಕಾಣುವುದಿಲ್ಲ, ಅದು ತಲೆಗೂದಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ಮಾತುಗಳು ನಿಜವಲ್ಲ. ವ್ರಾಟನ್ ಬಾವಲಿ ಕೀಟ ತಿಂದು ಬದುಕುತ್ತದೆ.

ಬರೀ ನೋಡಿದರೂ ಹಾನಿಯೇ?

ಹೌದು, ಆಗಬಹುದು. ಬಾವಲಿಗೆ ಹಗಲು ವಿಶ್ರಾಂತಿಯ ಹೊತ್ತು. ಟಾರ್ಚ್ ಬೆಳಕು, ಕ್ಯಾಮೆರಾ ಫ್ಲಾಶ್, ಗದ್ದಲಕ್ಕೆ ಬೆದರಿ ಹಾರಿದರೆ ಕೂಡಿಟ್ಟ ಶಕ್ತಿ ಖರ್ಚಾಗುತ್ತದೆ. ಮರಿ ಹಾಕುವ ಕಾಲದಲ್ಲಿ ತಾಯಿ ಬೆದರಿದರೆ ಮರಿ ಕೆಳಗೆ ಬಿದ್ದು ಸಾಯಬಹುದು. ಬಹುತೇಕ ಬಾವಲಿ ಜಾತಿಗಳು ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಆ ನಷ್ಟ ಬೇಗ ತುಂಬುವುದಿಲ್ಲ.

ಇನ್ನೊಂದು ಅಪಾಯ ನಮ್ಮ ಬೂಟಿನಲ್ಲಿರುತ್ತದೆ. 2006ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಪ್ರವಾಸಿ ಗುಹೆಗೆ ಹೊಂದಿಕೊಂಡ ಗುಹೆಯೊಂದರಲ್ಲಿ ಬಾವಲಿಗಳ ಮೂಗಿನ ಮೇಲೆ ಬಿಳಿ ಶಿಲೀಂಧ್ರ ಕಾಣಿಸಿತು. ಯುರೋಪಿನ ಈ ಶಿಲೀಂಧ್ರ ಮನುಷ್ಯರ ಬಟ್ಟೆ, ಬೂಟುಗಳ ಮೂಲಕ ಬಂದಿರಬಹುದು ಎಂದು ವಿಜ್ಞಾನಿಗಳು ಶಂಕಿಸುತ್ತಾರೆ. ಆ ರೋಗಕ್ಕೆ ಲಕ್ಷಾಂತರ ಬಾವಲಿಗಳು ಬಲಿಯಾದವು. ಅದು ಚಳಿನಿದ್ದೆ ಮಾಡುವ ಬಾವಲಿಗಳ ರೋಗ, ಭೀಮಗಡಕ್ಕೂ ಅದೇ ಬರುತ್ತದೆ ಎಂದಲ್ಲ. ಆದರೆ ಒಂದು ಗುಹೆಯ ಮಣ್ಣನ್ನು ಇನ್ನೊಂದು ಗುಹೆಗೆ ಒಯ್ಯಬಾರದು ಎಂಬ ಪಾಠ ಎಲ್ಲರಿಗೂ ಅನ್ವಯಿಸುತ್ತದೆ.

ಹಾಗಾದರೆ ನೋಡಲೇಬಾರದೇ?

ಹಾಗೇನಿಲ್ಲ. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಮರುಭೂಮಿ ಕರಾವಳಿಯ ಹಿನ್ನೀರಿಗೆ ಚಳಿಗಾಲದಲ್ಲಿ ಬೂದು ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಸ್ಯಾನ್ ಇಗ್ನಾಸಿಯೋ ಹಿನ್ನೀರಿನಲ್ಲಿ ಅವುಗಳನ್ನು ತೋರಿಸುವವರು ಸ್ಥಳೀಯ ದೋಣಿಯವರು. ಏಕಕಾಲಕ್ಕೆ ಇಷ್ಟೇ ದೋಣಿ ಎಂಬ ಮಿತಿ ಇದೆ, ಕೆಲವು ಭಾಗಕ್ಕೆ ಪ್ರವಾಸಿಗರಿಗೆ ಪ್ರವೇಶವೇ ಇಲ್ಲ. ಅಂದರೆ ನೋಡುವುದಕ್ಕೂ ಒಂದು ಕಟ್ಟುಪಾಡು ಬೇಕು. ತೆರೆದ ನೀರಿನಲ್ಲಿ ದೂರ ಕಾಯ್ದುಕೊಳ್ಳಬಹುದು. ಇಕ್ಕಟ್ಟಾದ ಗುಹೆಯಲ್ಲಿ ಅದು ಆಗದ ಮಾತು.

ಊರಿನವರ ಪಾಲೇನು?

ಪ್ರಕೃತಿಯನ್ನು ಉಳಿಸುವುದರ ಜತೆಗೆ ಸ್ಥಳೀಯರ ಬದುಕೂ ಸುಧಾರಿಸಿದರೆ ಮಾತ್ರ ಅದು ಪರಿಸರ ಪ್ರವಾಸ. ಭೀಮಗಡದೊಳಗೆ ಗವಾಳಿ, ತಳೇವಾಡಿ, ಆಮಗಾಂವ್‌ನಂಥ ಹಳ್ಳಿಗಳಿವೆ. ಮಳೆಗಾಲದಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದೇ ಅಲ್ಲಿ ದೊಡ್ಡ ಕಷ್ಟ. ತಳೇವಾಡಿಯ ಕೆಲವು ಕುಟುಂಬಗಳು ಪರಿಹಾರ ಪಡೆದು ಕಾಡಿನಿಂದ ಹೊರಬರಲು ಒಪ್ಪಿವೆ. ವನ್ಯಜೀವಿಗಳಿಗಾಗಿ ಊರಿನವರು ಜಾಗ ಬಿಡುವಾಗ ಅದೇ ಕಾಡಿಗೆ ಪ್ರವಾಸಿಗರ ವಾಹನಗಳು ಹೆಚ್ಚಾದರೆ ಅದು ನ್ಯಾಯವೇ? ಈ ಪ್ರಶ್ನೆಯನ್ನು ಪ್ರವಾಸಿಗರಾದ ನಾವೂ ಕೇಳಿಕೊಳ್ಳಬೇಕು.

ಹೋಗುವ ಮುನ್ನ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಹೋಗಲು ಅನುಮತಿ ಬೇಕು. ವ್ರಾಟನ್ ಬಾವಲಿ ಅದೇ ಕಾಯ್ದೆಯ ಮೊದಲನೇ ಪರಿಶಿಷ್ಟದಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ಆದ್ದರಿಂದ ಅರಣ್ಯ ಇಲಾಖೆ ಅನುಮತಿಸಿದ ದಾರಿಯಲ್ಲೇ ಹೋಗಿ, ಹಳ್ಳಿಯವರನ್ನೇ ಮಾರ್ಗದರ್ಶಕರಾಗಿ ಕರೆದುಕೊಳ್ಳಿ, ಗುಹೆಯ ಜಾಗವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚಬೇಡಿ. ಬಾವಲಿಯನ್ನು ನೋಡದೆ ವಾಪಸಾದರೂ ಬೇಸರ ಬೇಡ. ಅದನ್ನು ಅದರ ಪಾಡಿಗೆ ಬಿಟ್ಟು ಬರುವುದೂ ಪರಿಸರ ಪ್ರವಾಸವೇ.