ಹಾಸಿಗೆ ಕಿತ್ಕೊಂಡೋರೇ ಕಾಲು ಅಳೆಯೋಕೆ ಬರ್ತಾರೆ



ಸ್ವಲ್ಪ ಉದ್ದದ ಪೋಸ್ಟ್. ಪೂರ್ತಿ ಓದಿ, ಆಮೇಲೆ ಬಯ್ಯೋದಿದ್ರೆ ಬಯ್ಯಿರಿ.

ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಶುಂಠಿ ಮಾತು ಬಂದ್ರೆ ಸಾಕು, ಉಪದೇಶ ಶುರು. "ಈ ಕಾಲೋನಿ ಹುಡುಗರಿಗೆ ಓವರ್ ಕಾನ್ಫಿಡೆನ್ಸ್. ನೆಟ್ಟಗೆ ಕೂಲಿಗೆ ಹೋಗೋದು ಬಿಟ್ಟು ಗುತ್ತಿಗೆ ಮಾಡೋಕೆ ಹೋದ್ರು, ಮುಳುಗಿದ್ರು. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು."

ಓವರ್ ಕಾನ್ಫಿಡೆನ್ಸ್ ಇಲ್ಲ ಅಂತ ನಾನು ವಾದ ಮಾಡಲ್ಲ. ಇದೆ. ನನ್ನ ಪ್ರಶ್ನೆ ಬೇರೆ. ಈ ಕಾಯಿಲೆ ಎಲ್ಲರಿಗೂ ಇರುವಾಗ ಅದರ ಬಿಲ್ ಮಾತ್ರ ಯಾಕೆ ನಮ್ಮ ಕೇರಿಗೇ ಬರುತ್ತೆ?

ಮೊದಲು ಶುಂಠಿ ಲೆಕ್ಕ ನೋಡೋಣ. 2023ರಲ್ಲಿ 60 ಕೆ.ಜಿ. ಚೀಲದ ಬೆಲೆ 10 ಸಾವಿರ ರೂಪಾಯಿ ದಾಟ್ತು. ಒಬ್ಬ ಬೈಕ್ ಬಿಟ್ಟು ಕಾರ್ ತಗೊಂಡ, ಇನ್ನೊಬ್ಬ ಮನೆಗೆ ತಾರಸಿ ಹಾಕಿಸ್ದ. ಊರೆಲ್ಲಾ ಅದೇ ಸುದ್ದಿ. ಆಮೇಲೆ ಕಂಡಕಂಡ ಗದ್ದೆಯೆಲ್ಲಾ ಶುಂಠಿ. 2025ರ ಆರಂಭಕ್ಕೆ ಅದೇ ಚೀಲ 2 ಸಾವಿರಕ್ಕಿಂತ ಕೆಳಗೆ ಬಂತು.

ಬೆಲೆ ಬಿತ್ತು ಅನ್ನೋದು ಅರ್ಧ ಕತೆ. ಉಳಿದರ್ಧ ಕೇಳಿ. ಮಾರುಕಟ್ಟೆಯಲ್ಲಿ ಶುಂಠಿ ದುಬಾರಿ ಆದಾಗ ಬಿತ್ತನೆ ಶುಂಠಿನೂ ದುಬಾರಿ. ಭೂಮಿ ಗುತ್ತಿಗೆನೂ ದುಬಾರಿ. ಬೇಸಿಗೆಯಲ್ಲಿ ನೆಟ್ಟಿದ್ದನ್ನ ಬಲಿತ ಮೇಲೆ ಕೀಳೋದು ಡಿಸೆಂಬರ್ ನಂತರ. ನೆಡೋ ದಿನದ ಬೆಲೆ ಬೇರೆ, ಕೀಳೋ ದಿನದ ಬೆಲೆ ಬೇರೆ. ಅಂದ್ರೆ ನಮ್ಮ ಹುಡುಗ ಬೆಟ್ಟದ ತುದೀಲಿ ನಿಂತು ಕೊಳ್ತಾನೆ, ಕಣಿವೆಗೆ ಬಿದ್ದ ಮೇಲೆ ಮಾರ್ತಾನೆ. ನಡುವೆ ಕೊಳೆರೋಗ ಬಂದ್ರೆ ಮಾರೋಕೂ ಇಲ್ಲ. ಆದ್ರೆ ಭೂಮಿ ಕೊಟ್ಟವನು ದುಡ್ಡು ಮೊದಲೇ ಎಣಿಸ್ಕೊಂಡಿದ್ದಾನೆ. ಬಿತ್ತನೆ ಮಾರಿದವನೂ ಎಣಿಸ್ಕೊಂಡಿದ್ದಾನೆ. ಸಾಲ ಕೊಟ್ಟವನು ವಾರದ ಕಂತು ಎಣಿಸ್ತಾನೇ ಇದ್ದಾನೆ. ಅತಿ ನಂಬಿಕೆ ಒಬ್ಬನದು, ಗ್ಯಾರಂಟಿ ಲಾಭ ಮೂವರದು.

ಇದು "ಅವರ ಜನಾಂಗದ ಬುದ್ಧಿ" ಅನ್ನೋರಿಗೆ ಎರಡು ವಿಷಯ ಹೇಳ್ತೀನಿ.

1999ರಲ್ಲಿ ಕಾಲಿನ್ ಕ್ಯಾಮರರ್, ಡಾನ್ ಲೊವಾಲೊ ಅನ್ನೋ ಇಬ್ಬರು ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು. ಗೆಲುವು ಅದೃಷ್ಟದಿಂದಲ್ಲ, ಅವರವರ ಜಾಣತನದಿಂದ ಅಂತ ಹೇಳಿದ ಕೂಡಲೇ ಜನ ಮುಗಿಬಿದ್ದು ವ್ಯಾಪಾರದ ಆಟಕ್ಕಿಳಿದ್ರು, ಒಟ್ಟಾಗಿ ನಷ್ಟ ಮಾಡ್ಕೊಂಡ್ರು. ಯಾಕಂದ್ರೆ ಪ್ರತಿಯೊಬ್ಬನೂ ತನ್ನ ಜಾಣತನ ಲೆಕ್ಕ ಹಾಕ್ದ, ಎದುರಿಗಿರೋನೂ ಅದೇ ಲೆಕ್ಕ ಹಾಕಿ ಬಂದಿದ್ದಾನೆ ಅನ್ನೋದು ಮರೆತ. ಪಕ್ಕದ ಗದ್ದೆಯವನೂ ಶುಂಠಿ ನೆಡ್ತಾನೆ ಅನ್ನೋದನ್ನ ಮರೆಯೋದು ಇದೇ ತಾನೇ?

2001ರಲ್ಲಿ ಬ್ರಾಡ್ ಬಾರ್ಬರ್, ಟೆರೆನ್ಸ್ ಓಡಿಯನ್ ಅನ್ನೋರು ಅಮೆರಿಕದ 35 ಸಾವಿರಕ್ಕೂ ಹೆಚ್ಚು ಕುಟುಂಬಗಳ ಷೇರು ಖಾತೆ ನೋಡಿ ಬರೆದ್ರು. ಗಂಡಸರು ಹೆಂಗಸರಿಗಿಂತ ಶೇ 45ರಷ್ಟು ಹೆಚ್ಚು ಷೇರು ವ್ಯವಹಾರ ಮಾಡ್ತಿದ್ರು, ಅದರಿಂದಲೇ ಹೆಚ್ಚು ಕಳ್ಕೊಂಡ್ರು. ಅವರ್ಯಾರೂ ನಮ್ಮ ಕಾಲೋನಿಯವರಲ್ಲ ಸ್ವಾಮಿ. ಡಿಗ್ರಿ, ಡಾಲರ್ ಇದ್ದೋರಿಗೂ ಇರೋ ಕಾಯಿಲೆ ಇದು.

ದೂರ ಯಾಕೆ, ನಮ್ಮ ರಾಜ್ಯದ್ದೇ ನೋಡಿ. ವಿಜಯ್ ಮಲ್ಯ 2005ರಲ್ಲಿ ಕಿಂಗ್‌ಫಿಷರ್ ವಿಮಾನ ಹಾರಿಸಿದ್ರು. 2007ರಲ್ಲಿ ಏರ್ ಡೆಕ್ಕನ್‌ನೂ ಕೊಂಡ್ಕೊಂಡ್ರು. ಸ್ಟೇಟ್ ಬ್ಯಾಂಕ್ ಮುಂದಾಳತ್ವದಲ್ಲಿ 17 ಬ್ಯಾಂಕುಗಳು ಸಾಲ ಕೊಟ್ವು. 2012ರ ಅಕ್ಟೋಬರ್‌ನಲ್ಲಿ ಲೈಸೆನ್ಸ್ ಅಮಾನತು. ಬಾಕಿ ಬಡ್ಡಿ ಸೇರಿ 9 ಸಾವಿರ ಕೋಟಿ ಆಸುಪಾಸು. 2016ರ ಮಾರ್ಚ್‌ನಲ್ಲಿ ಸಾಹೇಬರು ವಿದೇಶಕ್ಕೆ. ನೌಕರರು ಬಾಕಿ ಸಂಬಳಕ್ಕೆ ವರ್ಷಗಟ್ಟಲೆ ಅಲೆದ್ರು. ಹಾರುತ್ತಿದ್ದಷ್ಟು ದಿನ ಇದಕ್ಕೆ ಪತ್ರಿಕೆಗಳು ಕೊಟ್ಟ ಹೆಸರು "ಸಾಹಸ", "ದೂರದೃಷ್ಟಿ". ಒಂದೆಕರೆ ಶುಂಠಿ ನೆಟ್ಟ ನಮ್ಮ ಹುಡುಗನದ್ದು ಮಾತ್ರ "ದುರಾಸೆ". ಒಂದೇ ಗುಣಕ್ಕೆ ಎರಡು ಹೆಸರು. ಯಾವ ಹೆಸರು ಸಿಗುತ್ತೆ ಅನ್ನೋದು ಪಹಣಿ ಮೇಲೆ, ಜಾತಿ ಮೇಲೆ ನಿಂತಿದೆ.

ಈಗ ನಮ್ಮ ಜಿಲ್ಲೆಯ ಕಾನೂನಿಗೆ ಬನ್ನಿ.

1974ರ ಭೂಸುಧಾರಣೆ ಗೇಣಿ ಪದ್ಧತಿ ರದ್ದು ಮಾಡ್ತು. ದೊಡ್ಡ ಕಾನೂನು, ಅದನ್ನ ನಾವು ಬಿಟ್ಟುಕೊಡಲ್ಲ. ಆದ್ರೆ ಗೇಣಿದಾರರೂ ಅಲ್ಲದ, ಬರೀ ಕೂಲಿಯಾಗಿದ್ದ ನಮ್ಮವರಿಗೆ ಅದರಲ್ಲಿ ಸಿಕ್ಕಿದ್ದು ಅಷ್ಟಕ್ಕಷ್ಟೇ. ಇವತ್ತು ಶುಂಠಿ ಗುತ್ತಿಗೆ ಎಲ್ಲಾ ಬಾಯಿಮಾತು. ಪಹಣಿಯಲ್ಲಿ ಗುತ್ತಿಗೆ ಮಾಡಿದವನ ಹೆಸರಿಲ್ಲ. ಮಳೆಗೆ ಬೆಳೆ ಕೊಳೆತ್ರೆ ಪರಿಹಾರ ಹೋಗೋದು ಪಹಣಿ ಇರೋನ ಖಾತೆಗೆ. ಬ್ಯಾಂಕ್ ಬೆಳೆಸಾಲ? ಪಹಣಿ ತಗೊಂಡ್ ಬಾ ಅಂತಾರೆ.

ಅದೇ ಸರ್ಕಾರ, ಸರ್ಕಾರಿ ಭೂಮಿ ಒತ್ತುವರಿ ಮಾಡಿ ಕಾಫಿ, ಏಲಕ್ಕಿ, ಮೆಣಸು ಹಾಕ್ಕೊಂಡೋರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋಕೆ ಭೂಕಂದಾಯ ಕಾಯ್ದೆಗೇ ತಿದ್ದುಪಡಿ ತಂತು. ಬೇಲಿ ಹಾಕುವಾಗ ಅವರಿಗಿದ್ದದ್ದು ಯಾವ ಕಾನ್ಫಿಡೆನ್ಸ್? "ಯಾರೂ ಎಬ್ಬಿಸಲ್ಲ" ಅನ್ನೋದು. ಸರ್ಕಾರ ಅದನ್ನ ನಿಜ ಮಾಡಿಕೊಡ್ತು. ದಿಡ್ಡಳ್ಳಿಯ ಆದಿವಾಸಿಗಳೂ ಒಂದು ತುಂಡು ನೆಲ ನಮ್ಮದಾಗುತ್ತೆ ಅಂತ ನಂಬಿ ಗುಡಿಸಲು ಹಾಕಿದ್ರು. 2016ರ ಡಿಸೆಂಬರ್‌ನಲ್ಲಿ ಅವರ ನೂರಾರು ಗುಡಿಸಲು ನೆಲಸಮ ಆದ್ವು. ಉಳ್ಳವನ ಅತಿ ನಂಬಿಕೆಗೆ ಕಾಗದಪತ್ರ. ಇಲ್ಲದವನ ಬರೀ ನಂಬಿಕೆಗೂ ಜೆಸಿಬಿ.

ಬಾಬಾಸಾಹೇಬರು 1918ರಲ್ಲೇ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಲೇಖನ ಬರೆದಿದ್ರು. ಅವರ ವಾದ ಏನು ಗೊತ್ತಾ? ಹಿಡುವಳಿ ಲಾಭದ್ದೋ ನಷ್ಟದ್ದೋ ಅನ್ನೋದು ಎಷ್ಟು ಎಕರೆ ಅನ್ನೋದರಿಂದ ತೀರ್ಮಾನ ಆಗಲ್ಲ, ಅದಕ್ಕೆ ಹಾಕೋ ಬಂಡವಾಳ, ದುಡಿಮೆ, ಸಲಕರಣೆ ಎಷ್ಟಿದೆ ಅನ್ನೋದರಿಂದ ಆಗುತ್ತೆ ಅಂತ. ನೂರು ವರ್ಷ ದಾಟ್ತು. ನಮ್ಮ ಹುಡುಗ ಇವತ್ತಿಗೂ ಬೇರೆಯವರ ನೆಲದಲ್ಲಿ, ಬೇರೆಯವರ ದುಡ್ಡಲ್ಲಿ, ತನ್ನ ರಟ್ಟೆ ಒಂದನ್ನೇ ನಂಬ್ಕೊಂಡು ಇಳೀತಿದ್ದಾನೆ. ಅವನ ಬುದ್ಧಿ ತಿದ್ದೋಕೆ ಬರೋರು ಅವನ ಬಂಡವಾಳದ ಬಗ್ಗೆ ಯಾಕೆ ತುಟಿ ಬಿಚ್ಚಲ್ಲ?

ಈಗ ನಮ್ಮ ಮನೆಯೊಳಗಿನ ಮಾತು. ಇದನ್ನ ಹೇಳದೇ ಹೋದ್ರೆ ಈ ಪೋಸ್ಟ್ ಬರೆದಿದ್ದೇ ಸುಳ್ಳಾಗುತ್ತೆ.

ಶುಂಠಿ ಕನಸು ಗಂಡನದು, ಮಗನದು. ಸಂಘದ ಸಾಲದ ಪತ್ರಕ್ಕೆ ಸಹಿ ಅವ್ವಂದು, ಹೆಂಡ್ತೀದು. ಕಂತು ಕಟ್ಟದಿದ್ರೆ ಬಾಗಿಲಲ್ಲಿ ಅವಮಾನ ಆಗೋದು ಅವಳಿಗೆ. ಅವಳು "ಬೇಡ ಕಣೋ, ಈ ಸಲ ಎಲ್ಲಾರೂ ಹಾಕ್ತಾವ್ರೆ" ಅಂದ್ರೆ, "ನಿಂಗೇನ್ ಗೊತ್ತು ಸುಮ್ನಿರು" ಅಂತೀರಲ್ಲ, ಎಷ್ಟೋ ಲಕ್ಷ ಉಳಿಸೋ ಮಾತು ಅದು. ನೀಲಿ ಶಾಲು ಹಾಕ್ಕೊಂಡು ಸಮಾನತೆ ಭಾಷಣ ಮಾಡೋ ನಾವು ಮನೇಲಿ ಅವಳ ಲೆಕ್ಕ ಕೇಳಲ್ಲ ಅಂದ್ರೆ ಆ ಶಾಲು ಯಾತಕ್ಕೆ?

ಮೈಕ್ರೋಫೈನಾನ್ಸ್ ಬಗ್ಗೆನೂ ತಿಳ್ಕೊಳ್ಳಿ. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಅಂತ 2022ರ ರಿಸರ್ವ್ ಬ್ಯಾಂಕ್ ನಿಯಮ ಇದೆ. ಕಿರುಕುಳ ಕೊಟ್ಟು ವಸೂಲಿ ಮಾಡೋದರ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು, 10 ವರ್ಷದವರೆಗೆ ಜೈಲು ಅಂತ ಇದೆ. ಕೂಲಿಯವಳಿಗೆ ಒಂದರ ಮೇಲೊಂದು ಸಾಲ ಕೊಡುವಾಗ "ಕಟ್ಟೇ ಕಟ್ತಾಳೆ" ಅಂದ್ಕೊಂಡವರದ್ದೂ ಓವರ್ ಕಾನ್ಫಿಡೆನ್ಸೇ. ಅವರಿಗೆ ಯಾರೂ ಹಾಸಿಗೆ, ಕಾಲು ಅಂತ ಗಾದೆ ಹೇಳಲ್ಲ.

ಸರಿ, ಏನ್ ಮಾಡೋಣ?

1. ಗುತ್ತಿಗೆಗೆ ಇಳಿಯೋ ಮುಂಚೆ ನಾಲ್ಕು ಪ್ರಶ್ನೆ ಬರೆದಿಟ್ಕೊಳ್ಳಿ. ಬೆಲೆ ಕಾಲುಭಾಗಕ್ಕೆ ಇಳಿದ್ರೆ ಏನು? ಸುತ್ತಮುತ್ತ ಎಷ್ಟು ಜನ ಅದೇ ನೆಡ್ತಿದ್ದಾರೆ? ಲುಕ್ಸಾನಾದ್ರೆ ಯಾರ ಕೈಯಿಂದ ಹೋಗುತ್ತೆ? ಮನೆಯ ಹೆಂಗಸರು ಏನಂತಾರೆ?

2. ಸರ್ಕಾರ ಮಂಜೂರು ಮಾಡಿದ ನಿಮ್ಮ ಜಮೀನನ್ನ ಶುಂಠಿಗೆ ಬಾಯಿಮಾತಲ್ಲಿ ಬಿಟ್ಟುಕೊಡಬೇಡಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಗುತ್ತಿಗೆ ಕೊಡೋದೂ ಪರಭಾರೆಯೇ, ಸರ್ಕಾರದ ಪೂರ್ವಾನುಮತಿ ಬೇಕು. ಈಗಾಗಲೇ ಕಳ್ಕೊಂಡೋರು ಸುಮ್ನೆ ಕೂರಬೇಡಿ. ಕಾಲ ಮೀರಿದೆ ಅಂತ ಅರ್ಜಿ ತಳ್ಳಿಹಾಕದಂತೆ 2023ರಲ್ಲಿ ತಿದ್ದುಪಡಿ ಆಗಿದೆ.

3. ಬೆಳೆ ಪರಿಹಾರ ನಿಜವಾಗಿ ಬೆಳೆದವನಿಗೆ ಸಿಗಬೇಕು. ಒತ್ತುವರಿದಾರನಿಗೆ 30 ವರ್ಷದ ಪತ್ರ ಬರೆದುಕೊಡೋ ಸರ್ಕಾರಕ್ಕೆ, ಒಂದು ಹಂಗಾಮು ದುಡಿದವನ ಹೆಸರು ಬರೆದುಕೊಳ್ಳೋದು ಕಷ್ಟವಾ?

4. ಮೊದಲ ಮತ್ತು ಕೊನೆಯ ಬೇಡಿಕೆ ಭೂಮಿ. ಲೈನ್‌ಮನೆಯಲ್ಲಿ ತಲೆಮಾರು ಕಳೆದವರಿಗೆ ಸ್ವಂತ ನಿವೇಶನ, ಭೂಹೀನರಿಗೆ ಉಳೋಕೆ ನೆಲ.

ನಮ್ಮ ಹುಡುಗರಿಗೆ ಆತ್ಮವಿಶ್ವಾಸ ಜಾಸ್ತಿಯಾಯ್ತು ಅನ್ನೋರಿಗೆ ಒಂದೇ ಮಾತು. ತಲೆಮಾರುಗಟ್ಟಲೆ ತಲೆ ಎತ್ತಬೇಡ ಅನ್ನಿಸ್ಕೊಂಡವರ ಮಕ್ಕಳು ತಲೆ ಎತ್ತಿದ್ದಾರೆ. ಆ ತಲೆ ಮತ್ತೆ ಬಗ್ಗೋಕೆ ನಾವು ಬಿಡಲ್ಲ. ಲೆಕ್ಕ ಕಲಿಸ್ತೀವಿ, ಕಾಗದ ಓದೋದು ಕಲಿಸ್ತೀವಿ. ಕಾಲು ಎಷ್ಟು ಚಾಚ್ಬೇಕು ಅನ್ನೋದನ್ನ ನಮ್ಮ ಹಾಸಿಗೆ ನಮಗೆ ವಾಪಸ್ ಕೊಟ್ಟ ಮೇಲೆ ಮಾತಾಡೋಣ.

ಜೈಭೀಮ್.