ಕೆಳಗೆ ಕಾರು, ಮೇಲೆ ಕಚೇರಿ

ನಗರದ ಬಹುಮಹಡಿ ಕಚೇರಿ ಕಟ್ಟಡವೊಂದನ್ನು ಗಮನಿಸಿ. ಮೇಲಿನ ಮಹಡಿಗಳಲ್ಲಿ ಗೋಡೆ, ಕಿಟಕಿ ಎಲ್ಲ ಇವೆ. ನೆಲ ಅಂತಸ್ತಿನಲ್ಲಿ ಬರೀ ಕಂಬಗಳು. ಅವುಗಳ ನಡುವೆ ಕಾರು, ಸ್ಕೂಟರುಗಳ ಸಾಲು. ಅನೇಕ ವಸತಿ ಸಮುಚ್ಚಯಗಳ ರಚನೆಯೂ ಹೀಗೆಯೇ. ಅಷ್ಟೊಂದು ಭಾರವನ್ನು ಈ ಕಂಬಗಳು ಹೊರಬಲ್ಲವೆ? ಹೊರಬಲ್ಲವು. ನಿಜವಾದ ಪರೀಕ್ಷೆ ಎದುರಾಗುವುದು ಪಕ್ಕದಿಂದ ಬಲ ಬಿದ್ದಾಗ.

ಭೂಕಂಪದಲ್ಲಿ ನೆಲ ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಮೇಲಿನ ಮಹಡಿಗಳು ಜಡತ್ವದಿಂದಾಗಿ ಇದ್ದಲ್ಲೇ ಉಳಿಯಲು ನೋಡುತ್ತವೆ. ಗೋಡೆ ತುಂಬಿದ ಆ ಮಹಡಿಗಳು ಬಿಗಿಯಾದ ಪೆಟ್ಟಿಗೆಯಂತೆ ಒಟ್ಟಿಗೆ ಚಲಿಸುವುದರಿಂದ, ಬಾಗುವ ಕೆಲಸವೆಲ್ಲ ಕೆಳಗಿನ ಕಂಬಗಳ ಪಾಲಾಗುತ್ತದೆ. ಇಂಥ ನೆಲ ಅಂತಸ್ತಿಗೆ ‘ಮೃದು ಅಂತಸ್ತು’ ಎಂದು ಹೆಸರು.

ಕಂಬದ ಎತ್ತರವೂ ಇಲ್ಲಿ ಮುಖ್ಯ. ದಪ್ಪ ಬದಲಿಸದೆ ಎತ್ತರವನ್ನು ಎರಡರಷ್ಟು ಮಾಡಿದರೆ, ಪಕ್ಕದ ಬಲಕ್ಕೆ ಕಂಬ ತೋರುವ ಬಿಗಿತ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. 3 ಮೀಟರ್ ಕಂಬವನ್ನು 4 ಮೀಟರಿಗೆ ಏರಿಸಿದರೂ ಸಾಕು, ಬಿಗಿತ ಅರ್ಧಕ್ಕಿಂತ ಕಡಿಮೆ!

2001ರ ಜನವರಿ 26. ಬೆಳಿಗ್ಗೆ 8.46ಕ್ಕೆ ಗುಜರಾತಿನ ಕಛ್ ಪ್ರದೇಶದಲ್ಲಿ ಭೂಮಿ ನಡುಗಿತು. ಕಂಪನ ಕೇಂದ್ರದಿಂದ 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಅನೇಕ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಮಂದಿ ಸತ್ತರು. ಬಿದ್ದ ಕಟ್ಟಡಗಳಲ್ಲಿ ಬಹಳಷ್ಟು, ನೆಲ ಅಂತಸ್ತನ್ನು ವಾಹನಗಳಿಗೆ ಬಿಟ್ಟವು. ಕೆಲವೆಡೆ ಲಿಫ್ಟಿನ ಕಾಂಕ್ರೀಟ್ ಗೋಡೆ ನಿಂತೇ ಇತ್ತು. ಅದಕ್ಕೆ ಸರಿಯಾಗಿ ಬೆಸೆಯದ ಮಹಡಿಗಳು ಕಳಚಿ ಬಿದ್ದಿದ್ದವು. ಮರುವರ್ಷ, 2002ರಲ್ಲಿ, ಪರಿಷ್ಕೃತ ಐಎಸ್ 1893 ಸಂಹಿತೆಯು ಮೃದು ಅಂತಸ್ತಿಗೆ ವಿಶೇಷ ನಿಯಮಗಳನ್ನು ಸೇರಿಸಿತು.

ಹಾಗಾದರೆ ಕಾರು ನಿಲ್ಲಿಸಲು ಜಾಗ ಬಿಡಲೇಬಾರದೆ? ಬಿಡಬಹುದು. ತಳಪಾಯದಿಂದ ಮೇಲಿನ ಮಹಡಿಯವರೆಗೆ ಅಲ್ಲಲ್ಲಿ ಕಾಂಕ್ರೀಟ್ ಗೋಡೆಗಳನ್ನು, ಅಂದರೆ ಶಿಯರ್ ವಾಲ್‌ಗಳನ್ನು, ಕಟ್ಟಿ ಮಹಡಿಗಳಿಗೆ ಭದ್ರವಾಗಿ ಬೆಸೆಯಬೇಕು.

ಇದನ್ನು ಮನೆಯಲ್ಲೇ ಪರೀಕ್ಷಿಸಿ. ನಾಲ್ಕು ಸ್ಟ್ರಾಗಳನ್ನು ಜೇಡಿಮಣ್ಣಿನಲ್ಲಿ ಚೌಕವಾಗಿ ನೆಟ್ಟು, ತಲೆಯ ಮೇಲೆ ರಟ್ಟು ಅಂಟಿಸಿ. ಬೆರಳಿನಿಂದ ಪಕ್ಕಕ್ಕೆ ದೂಡಿದರೆ ವಾಲುತ್ತದೆ. ಈಗ ಎದುರುಬದುರಿನ ಎರಡು ಬದಿಗೆ ಪೋಸ್ಟ್‌ಕಾರ್ಡ್ ಅಂಟಿಸಿ, ಕಾರ್ಡಿನ ಉದ್ದಕ್ಕೆ ದೂಡಿ. ಅಷ್ಟು ಸುಲಭವಾಗಿ ಜಗ್ಗದು. ಕಾರ್ಡಿಗೆ ಅಡ್ಡವಾಗಿ ದೂಡಿದರೆ ಮತ್ತೆ ವಾಲುತ್ತದೆ. ಭೂಕಂಪ ದಿಕ್ಕು ಹೇಳಿ ಬರುವುದಿಲ್ಲ; ಗೋಡೆಗಳು ಎರಡೂ ದಿಕ್ಕಿಗೆ ಬೇಕು.

ಫ್ಲ್ಯಾಟ್ ಕೊಳ್ಳಲು ಹೋಗುವ ತಂದೆತಾಯಿಯರು ‘ಕಾರಿಗೆ ಜಾಗ ಎಷ್ಟಿದೆ?’ ಎಂದು ತಪ್ಪದೆ ಕೇಳುತ್ತಾರೆ. ‘ಶಿಯರ್ ವಾಲ್ ಎಲ್ಲಿದೆ?’ ಎಂದು ಜೊತೆಗಿರುವ ಮಕ್ಕಳು ಕೇಳಲಿ.