ಮಂಗಳವಾರದವರೆಗೆ

ಶುಕ್ರವಾರದ ಎಣ್ಣೆಸ್ನಾನದ ವೇಳೆ ಹಾಸನದ ಗೃಹಿಣಿಯೊಬ್ಬಳ ಬೆರಳಿಗೆ ಎಡಸ್ತನದ ಅಂಚಿನಲ್ಲಿ ಕಡಲೆಬೀಜದಷ್ಟು ಗಾತ್ರದ ಗಂಟೊಂದು ತಗುಲಿತು. ವಯಸ್ಸು 42; ಇಬ್ಬರು ಮಕ್ಕಳ ತಾಯಿ. ಅಂದೇ ಸಂಜೆ ಆಸ್ಪತ್ರೆಗೆ ದೂರವಾಣಿ ಮಾಡಿ ವಿಚಾರಿಸಿದಾಗ, ಬರುವ ಮಂಗಳವಾರ ಬಿಟ್ಟು ಅದರ ಮರುವಾರದ ಮಂಗಳವಾರ ಬರಹೇಳಿದರು. ನಡುವೆ 11 ದಿನ.

ಆಕೆ ಯಾರಿಗೂ ತಿಳಿಸಲಿಲ್ಲ. ಪತಿಗೆ ಹೇಳಿದರೆ ಗಾಬರಿಯಾಗುವರು, ಅತ್ತೆಗೆ ಹೇಳಿದರೆ ಬೀದಿಗೆಲ್ಲ ತಿಳಿಯುವುದು, ಮಗಳ ಪರೀಕ್ಷೆ ಬೇರೆ ಹತ್ತಿರ ಬಂದಿದೆ. ಹೇಳದಿರುವುದಕ್ಕೆ ಕಾರಣಗಳನ್ನು ಹುಡುಕುವುದರಲ್ಲಿ ಗೃಹಿಣಿಯರು ಬಹು ನಿಪುಣರು! ಹಾಲು ಉಕ್ಕಿ ಹೋಯಿತು, ಒಗ್ಗರಣೆ ಸೀದುಹೋಯಿತು. ದಿನಕ್ಕೆ ಹತ್ತಿಪ್ಪತ್ತು ಬಾರಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಆ ಗಂಟನ್ನು ಒತ್ತಿ ನೋಡುವುದೇ ಕಾಯಕವಾಯಿತು. ಸೋಮವಾರದ ಹೊತ್ತಿಗೆ ಆ ಜಾಗ ನೋಯತೊಡಗಿತು. ಗಂಟು ಬೆಳೆಯುತ್ತಿದೆಯೆಂದು ಆಕೆ ನಿಶ್ಚಯಿಸಿಬಿಟ್ಟಳು. ಮೃದುವಾದ ಅಂಗವನ್ನು ಮೂರು ದಿನ ಬಿಡದೆ ಹಿಸುಕಿದರೆ ನೋಯದೆ ಇದ್ದೀತೆ? ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲಿನಲ್ಲಿ ಓದಿದ್ದೆಲ್ಲವೂ ಆಕೆಯನ್ನು ಒಂದೇ ಶಬ್ದದ ಕಡೆಗೆ ಎಳೆದೊಯ್ಯುತ್ತಿತ್ತು.

ಆ ಶಬ್ದವನ್ನು ಬಾಯಿಬಿಟ್ಟು ಆಡುವುದೇ ಒಳಿತು: ಕ್ಯಾನ್ಸರ್. ಸ್ತನದಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಹರೆಯದವರಲ್ಲಿ ಬೆರಳಿನಡಿ ಗೋಲಿಯಂತೆ ಜಾರುವ ಫೈಬ್ರೊಅಡಿನೋಮ ಸಾಮಾನ್ಯ. 35ರಿಂದ 50ರೊಳಗಿನವರಲ್ಲಿ ನೀರು ತುಂಬಿದ ಸಣ್ಣ ಚೀಲದಂತಹ ಸಿಸ್ಟ್ ಹೆಚ್ಚು. ಮುಟ್ಟಿಗೆ ಮುನ್ನ ಗಡುಸಾಗಿ ಅನಂತರ ಸಡಿಲಗೊಳ್ಳುವ ಊತವೂ ಉಂಟು. ಆದರೆ ಇವುಗಳಲ್ಲಿ ಯಾವುದೆಂಬುದನ್ನು ಮನೆಯಲ್ಲಿ ಕುಳಿತು ಬೆರಳಿನಿಂದ ನಿರ್ಣಯಿಸಲಾಗದು. ನೋವಿಲ್ಲವೆಂದು ಧೈರ್ಯಗೊಂಡು ಸುಮ್ಮನಿರುವುದಂತೂ ಸರ್ವಥಾ ಸಲ್ಲದು. ಕ್ಯಾನ್ಸರಿನ ಗಂಟು ಮೊದಲಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ. ಒಂದು ವೇಳೆ ಅದೇ ಆಗಿದ್ದರೂ, ಗಂಟು ಚಿಕ್ಕದಿರುವಾಗಲೇ ಹಿಡಿದರೆ ಚಿಕಿತ್ಸೆ ಹಗುರವಾಗುವುದು, ಗುಣವಾಗುವ ಭರವಸೆ ಹೆಚ್ಚುವುದು. ರೋಗಕ್ಕೆ ಬಲ ಬರುವುದು ನಾಚಿಕೆಯಲ್ಲಿ ಕಳೆದ ತಿಂಗಳುಗಳಿಂದ; ಕಾಯುವ ಹನ್ನೊಂದು ದಿನಗಳಿಂದಲ್ಲ.

ಐದನೆಯ ದಿನ ನಾದಿನಿ ಬಂದಳು. ಸೀದ ಒಗ್ಗರಣೆಯ ವಾಸನೆಯಿಂದಲೇ ಆಕೆಗೆ ಸಂಶಯ ಬಂದಿತು.

“ಅತ್ತಿಗೆ, ಏನಾಗಿದೆ ಹೇಳಿ.”

ಹೇಳಿದಳು; ಅತ್ತಳು. ನಾದಿನಿ “ಏನೂ ಇರುವುದಿಲ್ಲ ಬಿಡಿ” ಎನ್ನಲಿಲ್ಲ. ಆ ಮಾತು ಆಡುವವರಿಗೆ ಸುಲಭ, ಕೇಳುವವರ ಬಾಯಿಗೆ ಬೀಗ. “ನಾನೂ ಜೊತೆಗೆ ಬರುತ್ತೇನೆ. ಅಣ್ಣನಿಗೆ ಇವತ್ತೇ ಹೇಳೋಣ. ಅಲ್ಲಿಯವರೆಗೆ ಅದನ್ನು ಮುಟ್ಟಬೇಡಿ,” ಎಂದಳು.

ಮಗಳ ಹಳೆಯ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು ಇಬ್ಬರೂ ಬರೆಯಲು ಕುಳಿತರು. ಗಂಟು ಕಂಡ ದಿನ, ಕಳೆದ ಮುಟ್ಟಿನ ದಿನ, ಸೇವಿಸುತ್ತಿರುವ ಮಾತ್ರೆಗಳು, ಬಂಧುಗಳಲ್ಲಿ ಯಾರಿಗಾದರೂ ಈ ರೋಗ ಬಂದಿತ್ತೆ ಎಂಬ ವಿವರ. ಈ ಕೊನೆಯದನ್ನು ಬರೆಯುವಾಗ ತಾಯಿಯ ಕಡೆಯವರನ್ನಷ್ಟೇ ನೆನೆದು ಸೋದರತ್ತೆಯರನ್ನು ಮರೆಯುವುದುಂಟು. ತಂದೆಯ ಕಡೆಯದೂ ಅಷ್ಟೇ ಮುಖ್ಯ. ಕೆಳಗೆ ಪ್ರಶ್ನೆಗಳು. ಅವುಗಳಲ್ಲಿ ಮೊದಲನೆಯದು ಪಕ್ಕದ ಮನೆಯ ಅಜ್ಜಿ ಎಂದೋ ಆಡಿದ ಮಾತಿನಿಂದ ಹುಟ್ಟಿದ್ದು: “ಸೂಜಿ ಚುಚ್ಚಿದರೆ ಹರಡುವುದೇ?”

ಅಂದಿನಿಂದ ಚಿಂತೆ ಮಾಯವಾಯಿತೆಂದಲ್ಲ. ಆದರೆ ಅದಕ್ಕೊಂದು ಹೊತ್ತು ಗೊತ್ತಾಯಿತು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಪತಿಯೊಡನೆ ಆ ಮಾತು, ಅನಂತರ ಇಲ್ಲ. ಮೊಬೈಲು ಆತನ ದಿಂಬಿನ ಕೆಳಗೆ ಸೇರಿತು. ಹಗಲು ಆಕೆ ಹಪ್ಪಳದ ಹಿಟ್ಟು ಕಲಸಿದಳು. ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡಿದ್ದರೆ ಗಂಟನ್ನು ಮುಟ್ಟಿ ನೋಡುವುದೆಂತು?

ಆಸ್ಪತ್ರೆಯಲ್ಲಿ ನಡೆಯುವುದೇನೆಂದು ಮೊದಲೇ ತಿಳಿದಿದ್ದರೆ ಅರ್ಧ ಭಯ ಇಳಿದೀತು. ವೈದ್ಯರು ಎರಡೂ ಸ್ತನಗಳನ್ನೂ ಕಂಕುಳನ್ನೂ ಕೈಯಿಂದ ಪರೀಕ್ಷಿಸುವರು. ಬಳಿಕ ಅಲ್ಟ್ರಾಸೌಂಡ್, ನಲವತ್ತು ದಾಟಿದವರಿಗೆ ಸಾಮಾನ್ಯವಾಗಿ ಮ್ಯಾಮೊಗ್ರಾಮ್ ಎಂಬ ಎಕ್ಸ್‌-ರೇ ಕೂಡ. ಅದರಲ್ಲಿ ಸ್ತನವನ್ನು ಎರಡು ಫಲಕಗಳ ನಡುವೆ ಕೆಲವು ಕ್ಷಣ ಅದುಮಿ ಹಿಡಿಯುವರು. ನೋವೆನಿಸಿದರೂ ಬಹಳ ಹೊತ್ತಲ್ಲ. ಅಂದು ಕಂಕುಳಿಗೆ ಪೌಡರು, ಸುಗಂಧ ಹಚ್ಚಬಾರದು. ಅಗತ್ಯ ಕಂಡರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳುಹಿಸುವರು. ಅದರ ಫಲಿತಾಂಶಕ್ಕೆ ಮತ್ತೆ ಕೆಲವು ದಿನ ಕಾಯಬೇಕು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ ಚೀಟಿ ಬರೆದುಕೊಟ್ಟರೂ ಎದೆಗುಂದಬೇಕಾಗಿಲ್ಲ. ಅಲ್ಲಿಗೆ ತಪಾಸಣೆಗೆ ಹೋದವರೆಲ್ಲರೂ ಕ್ಯಾನ್ಸರ್ ರೋಗಿಗಳಲ್ಲ.

ಮಂಗಳವಾರ ಹತ್ತೂವರೆಗೆ ನರ್ಸು ಹೆಸರು ಕರೆದಳು. ಪತಿ ಹೊರಗಿನ ಬೆಂಚಿನಲ್ಲಿ ಉಳಿದರು. ನಾದಿನಿ ಒಳಗೆ ಬಂದಳು. ನಾಲಿಗೆ ಒಣಗಿ ಮಾತು ಹೊರಡದೆ ಆಕೆ ಆ ಹಾಳೆಯನ್ನೇ ಮೇಜಿನ ಮೇಲಿಟ್ಟಳು. ವೈದ್ಯೆ ಕನ್ನಡಕ ಸರಿಪಡಿಸಿಕೊಂಡು ಓದಿದರು.

“ಸೂಜಿಯಿಂದ ಹರಡುತ್ತದೆ ಎನ್ನುವ ಭಯಕ್ಕೆ ಆಧಾರವಿಲ್ಲ ತಾಯಿ,” ಎಂದು ಕೈತೊಳೆಯಲು ಎದ್ದರು. “ಬನ್ನಿ, ಮೊದಲು ನೋಡೋಣ.”